ಹಾಸಿಗೆ ಹಿಡಿದವರನ್ನು ಯಾರ ಕೈಗೆ ಒಪ್ಪಿಸುವುದು?

ಪಾರ್ಶ್ವವಾಯು ಬಡಿದ ತಾಯಿಯನ್ನು ಮಣಿಪಾಲಕ್ಕೋ ಮಂಗಳೂರಿಗೋ ಒಯ್ದರೆ ಜೀವ ಉಳಿಯುತ್ತದೆ. ಎರಡು ವಾರ ಕಳೆಯುವುದರೊಳಗೆ ಡಾಕ್ಟರು ಡಿಸ್ಚಾರ್ಜ್ ಬರೆಯುತ್ತಾರೆ: ಇನ್ನು ಇಲ್ಲಿ ಮಾಡುವಂಥದ್ದು ಏನಿಲ್ಲ, ಮನೆಯಲ್ಲೇ ನೋಡಿಕೊಳ್ಳಿ. ಮೂಗಿಗೆ ನಳಿಗೆ, ಮೂತ್ರಕ್ಕೆ ಚೀಲ, ಒಂದು ಕಡೆಯ ಕೈಕಾಲಿಗೆ ಸ್ವಾಧೀನವಿಲ್ಲ. ಭಟ್ಕಳದ ಮುಟ್ಟಳ್ಳಿಯ ಮನೆಯಲ್ಲಿ ನೋಡಿಕೊಳ್ಳಲು ಇರುವವರು ಎಪ್ಪತ್ತೈದು ದಾಟಿದ ತಂದೆ ಒಬ್ಬರೇ. ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ, ಸೊಸೆಗೆ ಮಕ್ಕಳ ಶಾಲೆ. ಭಟ್ಕಳ, ಹೊನ್ನಾವರ, ಕುಮಟಾ ಕಡೆ ಈ ಕಥೆ ಯಾವ ಜಾತಿ, ಯಾವ ಮತದ ಮನೆಯನ್ನೂ ಬಿಟ್ಟಿಲ್ಲ. 2011ರ ಜನಗಣತಿಯ ಹೊತ್ತಿಗೇ ರಾಜ್ಯದಲ್ಲಿ ನೂರಕ್ಕೆ ಒಂಬತ್ತೂವರೆ ಮಂದಿ ಅರವತ್ತು ದಾಟಿದವರಿದ್ದರು. ದುಡಿಯುವ ವಯಸ್ಸಿನವರು ಊರು ಬಿಡುವ ನಮ್ಮ ಕರಾವಳಿಯಲ್ಲಿ ಆ ಭಾರ ಇನ್ನೂ ಹೆಚ್ಚು ಕಣ್ಣಿಗೆ ಬೀಳುತ್ತದೆ.

ಇಂಥ ಮನೆಯವರ ಮುಂದೆ ಇರುವ ದಾರಿ ಮೂರು. ಊರಿನ ಸಣ್ಣ ನರ್ಸಿಂಗ್ ಹೋಮಿನಲ್ಲಿ ತಿಂಗಳುಗಟ್ಟಲೆ ಒಂದು ಹಾಸಿಗೆ ಹಿಡಿಯುವುದು. ಹಾಸಿಗೆ ಹಿಡಿದವರನ್ನೂ ಸೇರಿಸಿಕೊಳ್ಳುವ ವೃದ್ಧಾಶ್ರಮ ಹುಡುಕುವುದು. ಏಜೆನ್ಸಿಯವರು ಕಳಿಸುವ ಹೋಂ ನರ್ಸನ್ನು ಮನೆಯಲ್ಲಿಟ್ಟುಕೊಳ್ಳುವುದು. ಯಾವುದನ್ನು ಆರಿಸಿದರೂ ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿ ಅಮ್ಮ ಸುರಕ್ಷಿತವಾಗಿರುತ್ತಾಳೆಯೇ, ಆರೈಕೆ ಚೆನ್ನಾಗಿದೆಯೇ? ಇದಕ್ಕೆ ಸರಕಾರದಲ್ಲಿ ಉತ್ತರ ಹುಡುಕಿದರೆ ಅರ್ಧ ಸಿಗುತ್ತದೆ, ಉಳಿದರ್ಧ ಸಿಗುವುದಿಲ್ಲ.

ಸಿಗುವ ಅರ್ಧ ಖಾಸಗಿ ಆಸ್ಪತ್ರೆಗಳಿಗೆ ಸಂಬಂಧಿಸಿದ್ದು. 1976ರಲ್ಲೇ ಕರ್ನಾಟಕದಲ್ಲಿ ಖಾಸಗಿ ನರ್ಸಿಂಗ್ ಹೋಮುಗಳ ನಿಯಂತ್ರಣ ಕಾಯ್ದೆ ಬಂದಿತ್ತು. ಅದರ ಜಾಗಕ್ಕೆ 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನ ಕೆಪಿಎಂಇ ಎನ್ನುವ ಕಾಯ್ದೆ, ಬಂತು. ಚಿಕಿತ್ಸೆ ಕೊಡುವ ಪ್ರತಿ ಖಾಸಗಿ ಸಂಸ್ಥೆಯೂ ಇದರಡಿ ನೋಂದಾಯಿಸಿಕೊಳ್ಳಬೇಕು. ನೋಂದಣಿ ಐದು ವರ್ಷಕ್ಕೆ. ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಬೇಕು. 2017ರಲ್ಲಿ ತಿದ್ದುಪಡಿ ತರಲು ಹೊರಟಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಹಲವರಿಗೆ ನೆನಪಿರಬಹುದು. ಕೊನೆಗೆ ಬಂದ ತಿದ್ದುಪಡಿಯಲ್ಲಿ ರೋಗಿಯ ಹಕ್ಕುಗಳ ಪಟ್ಟಿ ಸೇರಿತು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ರೂಪುಗೊಂಡಿತು. ಆದ್ದರಿಂದ ನರ್ಸಿಂಗ್ ಹೋಮಿನ ಬಾಗಿಲಲ್ಲಿ ಮೊದಲು ನೋಡಬೇಕಾದ್ದು ಆ ಪ್ರಮಾಣಪತ್ರ, ಅದರ ಮೇಲಿನ ಕೊನೆಯ ದಿನಾಂಕ.

ವೃದ್ಧಾಶ್ರಮದ ಮಾತು ಬಂದರೆ ಈ ನೆಲ ಜಾರುತ್ತದೆ. ಊಟ, ವಸತಿ, ಒಬ್ಬ ಆಯಾ ಇಷ್ಟನ್ನೇ ಒದಗಿಸುತ್ತೇವೆ ಎನ್ನುವ ಮನೆ ವೈದ್ಯಕೀಯ ಸಂಸ್ಥೆಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಒಳಗಿರುವವರಲ್ಲಿ ನಳಿಗೆ ಹಾಕಿದವರಿರುತ್ತಾರೆ, ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿರುತ್ತಾರೆ, ಮರೆವಿನ ಕಾಯಿಲೆಯವರಿರುತ್ತಾರೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಕಾಯ್ದೆಯ 19ನೇ ಕಲಂ ಜಿಲ್ಲೆಗೊಂದರಂತೆ, ಕಡಿಮೆಯೆಂದರೆ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮ ತೆರೆಯುವ ಮಾತನ್ನಾಡುತ್ತದೆ. ಹಣ ಪಡೆದು ನಡೆಸುವ ಖಾಸಗಿ ಮನೆಗಳು ಹೇಗಿರಬೇಕೆಂಬ ವಿಷಯದಲ್ಲಿ ಅದು ಸಾಲದು. ಈ ಕೊರತೆ ದಿಲ್ಲಿಗೆ ಗೊತ್ತಿಲ್ಲದ್ದೇನಲ್ಲ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಹಿರಿಯರ ಆರೈಕೆ ಮನೆಗಳಿಗೂ ಮನೆಗೆ ಆಳು ಕಳಿಸುವ ಏಜೆನ್ಸಿಗಳಿಗೂ ನೋಂದಣಿ ಕಡ್ಡಾಯ ಮಾಡಿ, ಊಟ, ಕಟ್ಟಡ, ವೈದ್ಯಕೀಯ ಸೌಲಭ್ಯಗಳಿಗೆ ಕನಿಷ್ಠ ಮಟ್ಟ ನಿಗದಿ ಮಾಡಲು ಹೊರಟಿತ್ತು. ಸ್ಥಾಯಿ ಸಮಿತಿಗೆ ಹೋಯಿತು, ವರದಿಯೂ ಬಂತು. 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ಹಾಸಿಗೆ ಹಿಡಿದ ಹಿರಿಯರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇತ್ತೀಚೆಗೆ ಬೇರೆ ಆಗಿಲ್ಲವೆಂದೇ ನನ್ನ ಭಾವನೆ. ಲೋಪ ಎಲ್ಲಿದೆಯೆಂದು ಗೊತ್ತಾಗಿತ್ತು, ಮದ್ದನ್ನೂ ಬರೆದಾಗಿತ್ತು, ಕೊಡುವವರು ಮಾತ್ರ ಸಿಗಲಿಲ್ಲ.

ಕಾನೂನು ಬಿಗಿಯಾಗಿರುವ ದೇಶಗಳಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಕೇಳಿದರೆ ಅದೂ ಪೂರ್ತಿ ನಿಜವಲ್ಲ. ಆದರೆ ಅವರ ಅನುಭವದಿಂದ ಕಲಿಯುವುದು ಬಹಳ ಇದೆ. ಅಮೆರಿಕದಲ್ಲಿ 1987ರಲ್ಲಿ ನರ್ಸಿಂಗ್ ಹೋಮ್ ಸುಧಾರಣಾ ಕಾಯ್ದೆ ಬಂತು. ಹಿರಿಯರನ್ನು ಮಂಚಕ್ಕೆ ಕಟ್ಟುವುದು, ಮಂಪರಿನ ಮಾತ್ರೆ ಕೊಟ್ಟು ಸುಮ್ಮನಿರಿಸುವುದು ಇವಕ್ಕೆ ಅದರಿಂದ ಕಡಿವಾಣ ಬಿತ್ತು. 2008ರಿಂದ ಪ್ರತಿ ನರ್ಸಿಂಗ್ ಹೋಮಿಗೂ ಒಂದರಿಂದ ಐದು ನಕ್ಷತ್ರ. ಕೆಲವೇ ವರ್ಷದಲ್ಲಿ ಗೊತ್ತಾಗಿದ್ದೇನೆಂದರೆ, ಎಷ್ಟು ನರ್ಸುಗಳಿದ್ದಾರೆ ಎಂಬುದನ್ನು ನರ್ಸಿಂಗ್ ಹೋಮಿನವರೇ ಬರೆದುಕೊಡುತ್ತಿದ್ದರು, ಸರಕಾರ ಅದನ್ನೇ ನಂಬಿ ನಕ್ಷತ್ರ ಹಚ್ಚುತ್ತಿತ್ತು. ಆಮೇಲೆ ಸಂಬಳದ ಲೆಕ್ಕಪತ್ರವನ್ನೇ ತರಿಸಿಕೊಳ್ಳುವ ಕ್ರಮ ಬಂತು. ಜರ್ಮನಿಯದು ಇನ್ನೂ ಸ್ಪಷ್ಟವಾದ ಪಾಠ. 2009ರಲ್ಲಿ ಅಲ್ಲಿ ಶಾಲೆಯ ಅಂಕಪಟ್ಟಿಯಂತೆ ಆರೈಕೆ ಮನೆಗಳಿಗೆ ದರ್ಜೆ ಕೊಡಲು ಶುರುಮಾಡಿದರು. ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಅತ್ಯುತ್ತಮ ದರ್ಜೆಯೇ ಸಿಕ್ಕಿತು. ದಾಖಲೆಪುಸ್ತಕ ಚೊಕ್ಕಟವಾಗಿದ್ದರೆ ಅಂಕ. ಹುಣ್ಣಾದ ಬೆನ್ನಿಗೆ ಕಡಿತವಾದ ಅಂಕವನ್ನು ಅಂದದ ಊಟದ ಪಟ್ಟಿ ತುಂಬಿಕೊಡುತ್ತಿತ್ತು. ಹತ್ತು ವರ್ಷ ನಡೆಸಿ 2019ರಲ್ಲಿ ಕೈಬಿಟ್ಟು, ಒಳಗಿರುವವರ ಸ್ಥಿತಿಯನ್ನೇ ಅಳೆಯುವ ಪದ್ಧತಿಗೆ ಹೊರಳಿದರು.

ನಮ್ಮಲ್ಲಿ ಆಸ್ಪತ್ರೆಗಳಿಗೆ ಎನ್‌ಎಬಿಎಚ್ ಎಂಬ ಗುಣಮಟ್ಟದ ಮಾನ್ಯತೆ ಇದೆ, ಐವತ್ತು ಹಾಸಿಗೆಯೊಳಗಿನ ಸಣ್ಣ ಆಸ್ಪತ್ರೆಗಳಿಗೂ ಅದರಲ್ಲಿ ಬೇರೆ ಮಾನದಂಡ ಇದೆ. ಪಡೆದಿದ್ದರೆ ಒಳ್ಳೆಯದೇ. ಆದರೆ ಅದು ಕೇಳಿ ಪಡೆಯುವಂಥದ್ದು, ಮತ್ತು ತಿಂಗಳುಗಟ್ಟಲೆ ಮಲಗಿದವರ ಆರೈಕೆಯನ್ನೇ ಮುಖ್ಯವಾಗಿಟ್ಟುಕೊಂಡು ರೂಪಿಸಿದ್ದಲ್ಲ.

ಹಾಗಾದರೆ ಕಣ್ಣಿಡಬೇಕಾದ್ದು ಎಲ್ಲಿ? ಟೈಲ್ಸು, ಎಸಿ, ಗೇಟಿನ ಮುಂದಿನ ತೋಟ ಇವುಗಳಲ್ಲಿ ಏನೂ ಇಲ್ಲ. ಮಾತನಾಡಲಾಗದವರು ಹೇಗಿದ್ದಾರೆ ಎಂಬುದರಲ್ಲಿ ಎಲ್ಲವೂ ಇದೆ. ಮಾತು ಬರುವವರು ನೀರು ಕೇಳುತ್ತಾರೆ, ಬೈಯುತ್ತಾರೆ, ಮಗನಿಗೆ ಫೋನು ಮಾಡುತ್ತಾರೆ. ಮಾತು ಹೋದವರ ಮೈಯೇ ಅವರ ಸಾಕ್ಷಿ.

ಮೈಯಲ್ಲಿ ಮೊದಲು ನೋಡಬೇಕಾದ್ದು ಬೆನ್ನು. ಮಲಗಿದಲ್ಲೇ ಮಲಗಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಓಡುವುದಿಲ್ಲ. ಕೆಲವೇ ತಾಸಿನಲ್ಲಿ ಕೆಡಲು ಶುರುವಾಗುತ್ತದೆ. ಸೊಂಟದ ಕೆಳಗಿನ ತ್ರಿಕಾಸ್ಥಿ, ಎರಡು ಪಕ್ಕದ ಚಪ್ಪೆಮೂಳೆ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ಇವು ಬೆಡ್‌ಸೋರ್ ಏಳುವ ಜಾಗಗಳು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ನರ್ಸಿಂಗ್ ಓದಿದವರಿಗೆಲ್ಲ ಹೇಳಿಕೊಟ್ಟಿರುತ್ತಾರೆ. ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚು ಎಂದು ಅಳೆಯಲು 1980ರ ದಶಕದಿಂದ ಬ್ರೇಡನ್ ಮಾಪಕ ಬಳಕೆಯಲ್ಲಿದೆ: ಸ್ಪರ್ಶಜ್ಞಾನ, ಒದ್ದೆ, ಚಲನೆ, ಊಟ ಮುಂತಾದ ಆರು ಅಂಶಗಳಿಗೆ ಅಂಕ ಕೊಟ್ಟು, ಕೂಡಿದ ಮೊತ್ತ ಕಡಿಮೆಯಾದಷ್ಟೂ ಅಪಾಯ ಹೆಚ್ಚು ಎಂದು ತಿಳಿಯುವುದು. ಸೇರಿಸಿಕೊಳ್ಳುವಾಗಲೇ ಈ ಲೆಕ್ಕ ಹಾಕುವ ಮನೆ ಸಿಕ್ಕರೆ ಅದು ಕೆಲಸ ಬಲ್ಲ ಮನೆ.

ಇಲ್ಲೊಂದು ವಿಷಯ ನಮ್ಮವರಿಗೆ ಯಾರೂ ಹೇಳುವುದಿಲ್ಲ. ಪುಸ್ತಕಗಳಲ್ಲಿ ಹುಣ್ಣಿನ ಮೊದಲ ಗುರುತು ಕೆಂಪಾಗುವುದು, ಬೆರಳಿನಿಂದ ಒತ್ತಿದರೂ ಬಿಳಿಚದ ಕೆಂಪು ಎಂದಿರುತ್ತದೆ. ಕಪ್ಪು ಮೈಯಲ್ಲಿ ಆ ಕೆಂಪು ಕಾಣಿಸುವುದೇ ಇಲ್ಲ. ಅಂಗೈಯನ್ನು ಮೆಲ್ಲಗೆ ಇಟ್ಟು ನೋಡಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಅಥವಾ ಪಿಚ್ಚೆನ್ನುತ್ತಿದೆಯೇ, ಮುಟ್ಟಿದರೆ ಮುಖ ಕಿವುಚುತ್ತಾರೆಯೇ. ಭೇಟಿಗೆ ಹೋದವರು ಹಣ್ಣಿನ ಚೀಲ ಬದಿಗಿಟ್ಟು, ಸಿಸ್ಟರನ್ನು ಕರೆದು, ಮಗ್ಗುಲು ತಿರುಗಿಸಿ ಬೆನ್ನು ತೋರಿಸಿ ಎನ್ನಬೇಕು. "ಈಗಷ್ಟೇ ಮಲಗಿಸಿದ್ದೇವೆ, ಆಮೇಲೆ" ಎಂದರೆ ಕಾದು ಕುಳಿತು ನೋಡಿಕೊಂಡೇ ಬರಬೇಕು. ಬೆನ್ನಿನ ಜೊತೆಗೇ ಇನ್ನೆರಡು ಕಾಣುತ್ತವೆ. ಮೂತ್ರದ ಚೀಲ ಮಂಚದ ಕೆಳಗೆ ನೆಲ ಮುಟ್ಟದಂತೆ ತೂಗುತ್ತಿದೆಯೇ, ಅಥವಾ ಹೊಟ್ಟೆಯ ಮೇಲೆ ಬಿದ್ದಿದೆಯೇ? ಬೆರಳ ಸಂದಿಯಲ್ಲಿ ತುರಿಕಜ್ಜಿ ಇದೆಯೇ? ಒಬ್ಬರಿಗೆ ಹತ್ತಿದ ಕಜ್ಜಿ ನಾಲ್ಕು ಮಂಚಕ್ಕೆ ಹರಡಿದೆಯೆಂದರೆ ಬಟ್ಟೆ, ಹಾಸಿಗೆ, ಕೈ ತೊಳೆಯುವ ಪದ್ಧತಿ ಅಲ್ಲಿಲ್ಲ ಎಂದೇ ತಿಳಿಯಬೇಕು.

ಇದೆಲ್ಲ ಮಾಡಲು ಜನ ಬೇಕು. ಎಲ್ಲ ದೇಶದ ಅನುಭವವೂ ಬಂದು ನಿಲ್ಲುವುದು ಇಲ್ಲಿಗೇ. ಅಮೆರಿಕ ಸರಕಾರ 2024ರಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 3.48 ತಾಸಿನ ಆರೈಕೆ ಸಿಗುವಷ್ಟು ಸಿಬ್ಬಂದಿ ಇರಲೇಬೇಕೆಂದು ನಿಯಮ ಮಾಡಿತು. ಮಾಲೀಕರು ಕೋರ್ಟಿಗೆ ಹೋದರು, 2025ರಲ್ಲಿ ಅದು ರದ್ದಾಯಿತು. ನಮಗೆ ಅಷ್ಟು ನುಣುಪಾದ ಲೆಕ್ಕ ಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದಿರುವವರು ಎಷ್ಟು ಮಂದಿ, ಎಷ್ಟು ಹಾಸಿಗೆಗೆ? ಇಪ್ಪತ್ತು ಹಾಸಿಗೆಗೆ ಒಬ್ಬ ಆಯಾ ಇದ್ದರೆ, ಮಗ್ಗುಲು ಬದಲಿಸಲು ಇಬ್ಬರು ಬೇಕಾಗುವುದರಿಂದ, ರಾತ್ರಿಯಿಡೀ ಯಾರ ಮಗ್ಗುಲೂ ಬದಲಾಗುವುದಿಲ್ಲ. ಇದಕ್ಕೆ ಯಾವ ತಜ್ಞರೂ ಬೇಡ. ಡ್ಯೂಟಿ ಚಾರ್ಟ್ ತೋರಿಸಿ ಎಂದು ಕೇಳುವ ಹಕ್ಕು ಹಣ ಕೊಡುವವರಿಗೆ ಇದೆ. "ನರ್ಸ್" ಎಂದು ತೋರಿಸಿದವರು ಮೂರು ವರ್ಷದ ಜಿಎನ್‌ಎಂ ಓದಿದವರೇ, ಎರಡು ವರ್ಷದ ಎಎನ್‌ಎಂ ಮಾಡಿದವರೇ, ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರಿದೆಯೇ, ಇಲ್ಲವೇ ಬಿಳಿ ಕೋಟು ತೊಟ್ಟ ಆಯಾ ಅಷ್ಟೆಯೇ ಎಂದು ಕೇಳಲೂ ಸಂಕೋಚ ಬೇಡ. ಆಯಾಗಳ ಬಗ್ಗೆ ಒಂದು ಮಾತು. ಈ ಮನೆಗಳಲ್ಲಿ ನಿಜವಾದ ಆರೈಕೆ ಮಾಡುವವರು ಅವರೇ. ಕಡಿಮೆ ಸಂಬಳ, ಎರಡು ಪಾಳಿ ಒಟ್ಟಿಗೆ, ರಜೆಯಿಲ್ಲ. ಆರು ತಿಂಗಳಿಗೊಮ್ಮೆ ಆಯಾಗಳು ಬದಲಾಗುವ ಮನೆ ಎಷ್ಟೇ ಚೆನ್ನಾಗಿ ಕಂಡರೂ ನಾನು ಅಲ್ಲಿಗೆ ಯಾರನ್ನೂ ಕಳಿಸಲಾರೆ. ಅಜ್ಜಿಗೆ ಎಡಗೈ ಮುಟ್ಟಿದರೆ ನೋವು, ಮಜ್ಜಿಗೆ ಹುಳಿಯಾದರೆ ಉಗುಳುತ್ತಾಳೆ ಎಂಬುದೆಲ್ಲ ಅವಳೊಂದಿಗೆ ಉಳಿದವರಿಗೆ ಮಾತ್ರ ಗೊತ್ತಾಗುತ್ತದೆ.

ಊಟದ ಹೊತ್ತಿಗೆ ಹೋದರೆ ಇನ್ನಷ್ಟು ತಿಳಿಯುತ್ತದೆ. ಪಾರ್ಶ್ವವಾಯುವಾದವರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಮಲಗಿಸಿಯೇ ಗಂಜಿ ಹೊಯ್ದರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ತಿಳಿನೀರು ದಪ್ಪ ಗಂಜಿಗಿಂತ ಅಪಾಯ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಚಿಕ್ಕ ಚಮಚದಲ್ಲಿ ಕೊಟ್ಟು, ನುಂಗಿದ್ದನ್ನು ನೋಡಿ ಮುಂದಿನ ಚಮಚ ಕೊಡಬೇಕು. ಉಂಡ ಮೇಲೂ ಅರ್ಧ ತಾಸು ಕೂರಿಸಿರಬೇಕು. ಒಬ್ಬರಿಗೆ ಉಣಿಸಲು ಮುಕ್ಕಾಲು ತಾಸು ಬೇಕಾಗಬಹುದು. ಉಣಿಸುವವರು ನಿಂತಿದ್ದಾರೋ ಕುಳಿತಿದ್ದಾರೋ ನೋಡಿ, ಅಷ್ಟರಲ್ಲೇ ಅಲ್ಲಿಯ ಗಡಿಬಿಡಿ ಗೊತ್ತಾಗುತ್ತದೆ.

ಮಾತ್ರೆಯ ಕಡೆಗೂ ಕಣ್ಣಿರಲಿ. ಹಗಲಿನಲ್ಲೂ ಎಲ್ಲರೂ ನಿದ್ದೆಯಲ್ಲಿರುವ ವಾರ್ಡ್ ಶಾಂತವಾಗಿ ಕಾಣುತ್ತದೆ. ಮರೆವಿನ ಕಾಯಿಲೆಯವರು ರಾತ್ರಿ ಕೂಗುತ್ತಾರೆ, ಎದ್ದು ನಡೆಯುತ್ತಾರೆ, ಮನೆಗೆ ಹೋಗುತ್ತೇನೆನ್ನುತ್ತಾರೆ. ಜನ ಕಡಿಮೆಯಿದ್ದಲ್ಲಿ ಇದಕ್ಕೆ ಸುಲಭದ ಉಪಾಯ ಮಂಪರಿನ ಮಾತ್ರೆ, ಇಲ್ಲವೇ ಸೀರೆಯ ತುಂಡಿನಿಂದ ಮಂಚಕ್ಕೆ ಕಟ್ಟುವುದು. ಮಂಪರಿನಲ್ಲಿ ಎದ್ದವರು ಬಿದ್ದು ತೊಡೆಮೂಳೆ ಮುರಿದುಕೊಳ್ಳುತ್ತಾರೆ. ಮರೆವು ಇರುವ ಮುದುಕರಿಗೆ ಮನೋರೋಗದ ಮಾತ್ರೆಗಳು ಸಾವಿನ ಅಪಾಯವನ್ನೇ ಹೆಚ್ಚಿಸುತ್ತವೆ ಎಂಬುದು ಸ್ಥಾಪಿತ ಸಂಗತಿ. ಅಮೆರಿಕದಲ್ಲೂ ಆ ಮಾತ್ರೆಗಳ ಲೆಕ್ಕ ಮರೆಮಾಚಲು ಹಿರಿಯರಿಗೆ ಇಲ್ಲದ ಸ್ಕಿಜೋಫ್ರೇನಿಯಾ ಇದೆಯೆಂದು ಬರೆದದ್ದು 2021ರಲ್ಲಿ ಬಯಲಾಯಿತು. ಪ್ರತಿ ತಿಂಗಳೂ ಮಾತ್ರೆಗಳ ಪಟ್ಟಿ ಕೇಳಿ ತೆಗೆದುಕೊಳ್ಳಿ. ಹೊಸದೊಂದು ಸೇರಿದ್ದರೆ ಯಾವ ಡಾಕ್ಟರು, ಏಕೆ ಬರೆದರು ಎಂದು ಕೇಳಿ. ಮರೆವಿನವರ ಆರೈಕೆ ಬೇರೆಯದೇ ವಿದ್ಯೆ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಿಂದ ಅದಕ್ಕೆಂದೇ ಕೇಂದ್ರ ನಡೆಸುತ್ತಿದೆ. ಅಂಥದ್ದೊಂದು ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಗೂ ಬೇಕು.

ಕಟ್ಟಡದ ಸುರಕ್ಷತೆ ನಮ್ಮಲ್ಲಿ ಮಳೆಗಾಲದ ಪ್ರಶ್ನೆ. 2022ರ ಆಗಸ್ಟ್ 2ರ ಮುಂಜಾವ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಣ್ಣಿನಡಿ ಸಿಕ್ಕು ಸತ್ತರು. ಆ ಊರಿನವರಿಗೆ ಗುಡ್ಡ ಕಡಿದು ಸಮ ಮಾಡಿದ ಜಾಗ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಹೆದ್ದಾರಿಯ ಬದಿ ಗುಡ್ಡ ಕೊರೆದು ಎದ್ದ ಕಟ್ಟಡಗಳಲ್ಲಿ, ಎದ್ದು ಓಡಲಾರದವರನ್ನು ಮಲಗಿಸಲು ಯಾರೂ ಎರಡು ಬಾರಿ ಯೋಚಿಸುವುದಿಲ್ಲ. ಹಿಂದೆ ಎಷ್ಟು ಎತ್ತರದ ಧರೆ ಇದೆ, ಅದಕ್ಕೆ ತಡೆಗೋಡೆ ಇದೆಯೇ, ನೀರು ಹರಿದುಹೋಗಲು ದಾರಿ ಇದೆಯೇ ಎಂದು ಜೂನ್‌ಗೆ ಮೊದಲೇ ಹಿತ್ತಲಿಗೆ ಹೋಗಿ ನೋಡಬೇಕು. ಎರಡನೆಯದು ದಾರಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹನ್ನೊಂದು ಮಂದಿ ಸತ್ತಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಕುಮಟಾದಿಂದ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಆ ದಾರಿ ಇರಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಜಾರಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಮುಗಿಲು ಮುಟ್ಟಿತು. ಆ ಕೂಗಿನ ಹಿಂದಿರುವ ದೂರ ಆರೈಕೆ ಮನೆಗಳಿಗೂ ಅನ್ವಯಿಸುತ್ತದೆ. ರಾತ್ರಿ ಉಸಿರಾಟ ಏರುಪೇರಾದರೆ ಯಾವ ಡಾಕ್ಟರು ಬರುತ್ತಾರೆ, ಗಾಡಿ ಯಾರದು, ಮನೆಯವರಿಗೆ ಫೋನು ಸಿಗದಿದ್ದರೆ ಒಯ್ಯುವ ನಿರ್ಧಾರ ಯಾರದು ಎಂಬುದು ಸೇರಿಸುವ ದಿನವೇ ಬರಹದಲ್ಲಿ ಇರಬೇಕು.

ಮೂರನೆಯದು ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ಹೆಸ್ಕಾಂ ಲೈನು ಹೋದರೆ ಬೆಳಗಾಗುವವರೆಗೂ ಬಾರದಿರುವುದು ನಮಗೆ ಹೊಸತಲ್ಲ. ಹುಣ್ಣಾಗದಿರಲೆಂದು ಹಾಕುವ ಏರ್ ಬೆಡ್ ನಡೆಯುವುದು ಪುಟ್ಟ ಮೋಟಾರಿನಿಂದ. ಕರೆಂಟು ಹೋದರೆ ಗಾಳಿ ಇಳಿದು ಅಜ್ಜಿ ಬರೀ ಹಲಗೆಯ ಮೇಲೆ ಮಲಗಿದಂತಾಗುತ್ತದೆ. ಆಮ್ಲಜನಕದ ಯಂತ್ರಕ್ಕೂ ಅದೇ ಗತಿ. ಇನ್ವರ್ಟರ್ ಇದೆ ಎಂದರೆ ಸಾಲದು, ಅದು ಯಾವುದಕ್ಕೆ ಜೋಡಿಸಿದೆ, ಎಷ್ಟು ತಾಸು ಬರುತ್ತದೆ, ತುಂಬಿದ ಸಿಲಿಂಡರ್ ಒಂದಾದರೂ ಇದೆಯೇ ಎಂದು ಕೇಳಬೇಕು. ಬೆಂಕಿಯ ಮಾತಂತೂ ಯಾರೂ ಎತ್ತುವುದಿಲ್ಲ. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆಗೆ ತೊಂಬತ್ತಕ್ಕೂ ಹೆಚ್ಚು ಮಂದಿ ಉಸಿರುಗಟ್ಟಿ ಸತ್ತರು, ಬಹುಪಾಲು ಎದ್ದು ಹೋಗಲಾರದ ರೋಗಿಗಳು. ಹಾಸಿಗೆ ಹಿಡಿದವರನ್ನು ಮೇಲಿನ ಮಹಡಿಯಲ್ಲಿ ಇಟ್ಟು, ಕಳ್ಳರ ಭಯಕ್ಕೆ ರಾತ್ರಿ ಗ್ರಿಲ್ಲಿಗೆ ಬೀಗ ಹಾಕಿ, ಕೀಲಿ ಕೆಳಗಿನ ಕೋಣೆಯಲ್ಲಿಡುವ ಮನೆ ಕಂಡರೆ ಅಲ್ಲಿಂದಲೇ ಹಿಂತಿರುಗಿ.

ಬೀಳುವುದು ಹೆಚ್ಚಾಗಿ ಬಚ್ಚಲಲ್ಲಿ. ಹಿಡಿಕೆ, ಕಮೋಡು, ಜಾರದ ನೆಲ, ಹೊಸ್ತಿಲಿಲ್ಲದ ಬಾಗಿಲು, ರಾತ್ರಿ ಆರದ ದೀಪ: ಇಷ್ಟಿದ್ದರೆ ಅರ್ಧ ಗೆದ್ದಂತೆ. ಜುಲೈಯಲ್ಲಿ ಪಾಚಿಗಟ್ಟಿದ ಅಂಗಳ ದಾಟಿ ಬಚ್ಚಲಿಗೆ ಹೋಗುವ ವ್ಯವಸ್ಥೆಯಾದರೆ ಬೇಡವೇ ಬೇಡ.

ಹೋಂ ನರ್ಸ್ ದಾರಿ ಮೇಲ್ನೋಟಕ್ಕೆ ಒಳ್ಳೆಯದು, ಅಮ್ಮ ತನ್ನ ಮನೆಯಲ್ಲೇ ಇರುತ್ತಾಳೆ. ಆದರೆ ಇಪ್ಪತ್ನಾಲ್ಕು ತಾಸಿಗೆ ಒಬ್ಬಳನ್ನೇ ಇಟ್ಟರೆ ಅವಳಿಗೂ ನಿದ್ದೆ ಬೇಕಲ್ಲ. ಕಳಿಸುವ ಏಜೆನ್ಸಿಯ ಮೇಲೆ ಯಾರ ಹಿಡಿತವೂ ಇಲ್ಲದಿರುವುದು ಅದೇ 2019ರ ಮಸೂದೆ ಬಿದ್ದುದರ ಫಲ.

ಹಣದ ವಿಚಾರದಲ್ಲಿ ಒಂದನ್ನು ಬಿಡದೆ ಹೇಳಬೇಕು. ಕೊನೆತನಕ ನೋಡಿಕೊಳ್ಳುತ್ತೇವೆ ಎಂಬ ಮಾತಿಗೆ ಮರುಳಾಗಿ ಮನೆ, ತೋಟ ಬರೆದುಕೊಡುವ ಹಿರಿಯರಿದ್ದಾರೆ, ಸಂಬಂಧಿಕರಿಗೂ ಸಂಸ್ಥೆಗೂ. 2007ರ ಕಾಯ್ದೆಯ 23ನೇ ಕಲಂ ನೋಡಿಕೊಳ್ಳದಿದ್ದರೆ ಅಂಥ ದಾನಪತ್ರವನ್ನು ರದ್ದು ಮಾಡಿಸಲು ಅವಕಾಶ ಕೊಡುತ್ತದೆ, ಆದರೆ ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲೇ ಇದ್ದರೆ ದಾರಿ ಸಲೀಸು. ಅರ್ಜಿ ಹೋಗಬೇಕಾದ್ದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ, ಅಂದರೆ ಭಟ್ಕಳ ಅಥವಾ ಕುಮಟಾದ ಎಸಿ ಕಚೇರಿಗೆ.

ಇಷ್ಟಾದರೂ ನಮ್ಮಲ್ಲಿ ಯಾವ ಮನೆ ಹೇಗಿದೆ ಎಂಬ ಮಾತು ಹೊರಗೆ ಬರುವುದಿಲ್ಲ. ಕಾರಣ ನಾಚಿಕೆ. ಅಪ್ಪ-ಅಮ್ಮನನ್ನು ಆಶ್ರಮದಲ್ಲಿಟ್ಟರು ಎಂದು ನಾಲ್ಕು ಜನ ಆಡಿಕೊಳ್ಳುತ್ತಾರೆಂದು ಮನೆಯವರು ದೂರದೂರಿನಲ್ಲಿ ಸೇರಿಸುತ್ತಾರೆ, "ಮಗಳ ಮನೆಯಲ್ಲಿದ್ದಾರೆ" ಎನ್ನುತ್ತಾರೆ, ಕತ್ತಲಾದ ಮೇಲೆ ಹೋಗಿ ಬರುತ್ತಾರೆ. ಹುಣ್ಣಾದರೂ ದೂರು ಕೊಡುವುದಿಲ್ಲ, ಕೊಟ್ಟರೆ ಸೇರಿಸಿದ್ದು ಗೊತ್ತಾಗುತ್ತದೆ. ಕೆಟ್ಟ ಮನೆಗಳಿಗೆ ಈ ನಾಚಿಕೆಯಷ್ಟು ಭದ್ರವಾದ ಬೇಲಿ ಇನ್ನೊಂದಿಲ್ಲ. ನಳಿಗೆ ಹಾಕಿದ ತಾಯಿಯನ್ನು ಕೈಲಾಗದ ತಂದೆಯ ಪಾಲಿಗೆ ಬಿಡುವುದಕ್ಕಿಂತ ಬಲ್ಲವರ ಕೈಗೆ ಒಪ್ಪಿಸುವುದು ಪ್ರೀತಿಯೇ. ಅದನ್ನು ಬಚ್ಚಿಡದೆ, ಹತ್ತಿರದ ಊರಿನಲ್ಲೇ ಸೇರಿಸಿ, ನೆಂಟರಿಗೆ ಹೇಳಿ, ವಾರದಲ್ಲಿ ಒಬ್ಬರಲ್ಲ ಒಬ್ಬರು ಬೇರೆ ಬೇರೆ ಹೊತ್ತಿಗೆ ಹೋಗುವಂತೆ ಮಾಡಬೇಕು. ಭೇಟಿಯ ಹೊತ್ತು ಸಂಜೆ ನಾಲ್ಕರಿಂದ ಐದು ಮಾತ್ರ ಎನ್ನುವ ಮನೆಯನ್ನು ಏಕೆಂದು ಕೇಳಬೇಕು.

ಹೊಸ ಕಾನೂನು ಬರುವವರೆಗೆ ಜಿಲ್ಲಾಡಳಿತ ಕೈಕಟ್ಟಿ ಕೂರಬೇಕಿಲ್ಲ. ಆರೋಗ್ಯ ಇಲಾಖೆಯೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯೂ ಜೊತೆಗೂಡಿ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲ್ಲೂಕಿನ ಆರೈಕೆ ಮನೆಗಳ ಪಟ್ಟಿ ಮಾಡಲಿ. ವರ್ಷಕ್ಕೆ ಎರಡು ಬಾರಿ, ಒಂದು ಸಲ ಮಳೆಗಾಲದಲ್ಲಿ, ಒಂದು ಸಲ ರಾತ್ರಿ ಹೊತ್ತಿನಲ್ಲಿ, ಮುಂಚಿತವಾಗಿ ತಿಳಿಸದೆ ತಾಲ್ಲೂಕು ಆರೋಗ್ಯಾಧಿಕಾರಿ ಹೋಗಲಿ. ಎಷ್ಟು ಹಾಸಿಗೆ, ಎಷ್ಟು ಮಂದಿಗೆ ಬೆಡ್‌ಸೋರ್, ಅದರಲ್ಲಿ ಒಳಗೆ ಸೇರಿದ ಮೇಲೆ ಆದದ್ದೆಷ್ಟು, ರಾತ್ರಿ ಎಷ್ಟು ಸಿಬ್ಬಂದಿ, ಆರು ತಿಂಗಳಲ್ಲಿ ಬಿದ್ದವರೆಷ್ಟು, ಹಿತ್ತಲಿನ ಧರೆ ಹೇಗಿದೆ ಎಂಬುದನ್ನು ಬರೆದು ಪಂಚಾಯಿತಿಯ ಬೋರ್ಡಿನ ಮೇಲೆ ಅಂಟಿಸಲಿ. ಅಲ್ಲಿಯವರೆಗೆ ದೂರು ಇದ್ದವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು; ನೋಂದಾಯಿತ ನರ್ಸಿಂಗ್ ಹೋಮಾದರೆ ಜಿಲ್ಲಾಧಿಕಾರಿಯ ಪ್ರಾಧಿಕಾರಕ್ಕೆ ಬರೆಯಬಹುದು; ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾಗಿದ್ದರೆ ಕಾರವಾರದ ಗ್ರಾಹಕ ಆಯೋಗ ಇದೆ. ಹಣ ಪಡೆಯುವ ಆಸ್ಪತ್ರೆಗಳು ಗ್ರಾಹಕ ಕಾಯ್ದೆಯ ಹೊರಗಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪಿತ್ತಿದೆ. ದೂರು ಬರೆಯುವಾಗ ದಿನಾಂಕ ಹಾಕಿದ ಹುಣ್ಣಿನ ಫೋಟೋ, ಮಾತ್ರೆಗಳ ಪಟ್ಟಿ, ಕೊಟ್ಟ ಹಣದ ರಸೀದಿ ಈ ಮೂರೂ ಜೊತೆಗಿರಲಿ.